ಶೇಷದಿಂದ ಭಾಗಿಸಬೇಕಾದದ್ದು ಯಾವುದನ್ನು? ಮ.ಸಾ.ಅ. ಒಂದು ಲೆಕ್ಕದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು

ಪ್ರಶ್ನೆ

ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಕೊಟ್ಟ ಸಂಖ್ಯೆಗಳನ್ನೆಲ್ಲ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಕಂಡುಹಿಡಿಯಲು ಭಾಗಾಕಾರ ಕ್ರಮದಲ್ಲಿ ಎರಡು ಲೆಕ್ಕ. ಮೊದಲನೆಯದು 3239 ಮತ್ತು 2923:

3239 ÷ 2923: ಭಾಗಲಬ್ಧ 1, ಶೇಷ 316
3239 ÷ 316: ಭಾಗಲಬ್ಧ 10, ಶೇಷ 79
3239 ÷ 79: ಭಾಗಲಬ್ಧ 41, ಶೇಷ 0

ಮ.ಸಾ.ಅ. 79. ಪುಸ್ತಕದ ಉತ್ತರವೂ ಅದೇ. ಎರಡನೆಯದು 238 ಮತ್ತು 105:

238 ÷ 105: ಭಾಗಲಬ್ಧ 2, ಶೇಷ 28
238 ÷ 28: ಭಾಗಲಬ್ಧ 8, ಶೇಷ 14
238 ÷ 14: ಭಾಗಲಬ್ಧ 17, ಶೇಷ 0

ಇಲ್ಲಿ 14 ಬರುತ್ತಿದೆ, ಪುಸ್ತಕದಲ್ಲಿ 7 ಇದೆ. ಗುಣಾಕಾರ, ಕಳೆಯುವುದು ಎಲ್ಲ ಎರಡೆರಡು ಸಲ ನೋಡಿದ್ದಾಯಿತು. ಎಲ್ಲಿ ತಪ್ಪಿದೆ?

ಉತ್ತರ 1

ಭಾಗಾಕಾರ ಸರಿಯಾಗಿಯೇ ಇದೆ, ಭಾಜ್ಯ ತಪ್ಪು. ಮೊದಲ ಸಾಲು ಮುಗಿದ ಮೇಲೆ 238ಕ್ಕೆ ಕೆಲಸವಿಲ್ಲ, ಕೈಬಿಡಿ. ಹಿಂದಿನ ಭಾಜಕವೇ ಹೊಸ ಭಾಜ್ಯ, ಶೇಷವೇ ಹೊಸ ಭಾಜಕ:

238 = 105 × 2 + 28
105 = 28 × 3 + 21
28 = 21 × 1 + 7
21 = 7 × 3 + 0

ಶೇಷ 0 ಬಂದ ಸಾಲಿನ ಭಾಜಕ 7, ಅದೇ ಮ.ಸಾ.ಅ. (ಅವಸರದಲ್ಲಿ ಪಕ್ಕದ ಭಾಗಲಬ್ಧ 3ನ್ನು ಉತ್ತರವೆಂದು ಬರೆಯುವವರೂ ಉಂಟು.) ನಿಮ್ಮ ಕ್ರಮದಲ್ಲಿ 105 ಎರಡನೇ ಸಾಲಿನಿಂದಲೇ ಕಾಣೆಯಾಗಿದೆ ನೋಡಿ.

ಉತ್ತರ 2

ಹಾಗಾದರೆ ಮೊದಲ ಲೆಕ್ಕ ಹೇಗೆ ಸರಿಹೋಯಿತು ಅನ್ನುವುದೇ ಸ್ವಾರಸ್ಯದ ಭಾಗ. 238 − 28 = 2 × 105. 238ನ್ನೂ 28ನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ, ಅಂದರೆ 210ನ್ನೂ, ಭಾಗಿಸಲೇಬೇಕು. ಆದರೆ 105ನ್ನು ಭಾಗಿಸಬೇಕೆಂದಿಲ್ಲ. ಭಾಗಲಬ್ಧದ ಆ 2 ಸದ್ದಿಲ್ಲದೆ ಒಳಗೆ ನುಸುಳಿ 7ನ್ನು 14 ಮಾಡಿತು.

3239ರಲ್ಲಿ ಮೊದಲ ಭಾಗಲಬ್ಧವೇ 1, ಹಾಗಾಗಿ ನುಸುಳಲು ಏನೂ ಇರಲಿಲ್ಲ. ಎರಡನೇ ಸಾಲಿನ ಭಾಗಲಬ್ಧ 10 ತೊಂದರೆ ಕೊಡಬಹುದಿತ್ತು, ಆದರೆ ಶೇಷ 79 ಆಗಲೇ 316ನ್ನು ಸರಿಯಾಗಿ ಭಾಗಿಸುತ್ತಿತ್ತು. ಬರೀ ಅದೃಷ್ಟ.

ಪ್ರಶ್ನೆ ಕೇಳಿದವರು

ಈಗ ಹೊಳೆಯಿತು. ಹೀಗೆ ತಪ್ಪಿದರೆ ಮೊದಲಿಂದ ಮಾಡಲೇಬೇಕಾ?

ಉತ್ತರ 2

ಬೇಡ. ನಿಮ್ಮ ಕ್ರಮದಲ್ಲಿ ಬರುವ ತಪ್ಪು ಉತ್ತರ ಯಾವಾಗಲೂ ನಿಜವಾದ ಮ.ಸಾ.ಅ.ದ ಗುಣಕವೇ ಆಗಿರುತ್ತದೆ, ಅದಕ್ಕಿಂತ ಚಿಕ್ಕದು ಬರುವುದಿಲ್ಲ. ಆ ಉತ್ತರದಿಂದ ಮೂಲದ ಚಿಕ್ಕ ಸಂಖ್ಯೆಯನ್ನು ಭಾಗಿಸಿ: 105 = 14 × 7 + 7. ಶೇಷ ಉಳಿಯಿತು, ಅಂದರೆ ತಪ್ಪಿದೆ. ಅಲ್ಲಿಂದಲೇ ಸರಿಯಾದ ಕ್ರಮದಲ್ಲಿ ಮುಂದುವರಿಸಿ: 14 = 7 × 2 + 0. ಬಂತು 7.

ಉತ್ತರ 3

ಸಾಲು ಉಳಿಸುವ ಉಪಾಯ ಒಂದಿದೆ. ಶೇಷ ಭಾಜಕದ ಅರ್ಧಕ್ಕಿಂತ ದೊಡ್ಡದಾದರೆ ಭಾಗಲಬ್ಧವನ್ನು ಒಂದು ಏರಿಸಿ, ಕೊರತೆಯನ್ನೇ ಶೇಷದ ಜಾಗದಲ್ಲಿ ಬಳಸಿ. 105 ÷ 28ರಲ್ಲಿ ಶೇಷ 21, ದೊಡ್ಡದಾಯಿತು. 28 × 4 = 112, ಕೊರತೆ 7. ಮುಂದೆ 28 ÷ 7, ಶೇಷ 0. ನಾಲ್ಕು ಸಾಲಿನ ಲೆಕ್ಕ ಮೂರಕ್ಕೆ ಇಳಿಯಿತು.

ಉಪಾಯವಿಲ್ಲದೆಯೂ ಸಾಲುಗಳು ಬೆಳೆಯುತ್ತಾ ಹೋಗುವುದಿಲ್ಲ. ಚಿಕ್ಕ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದರ ಐದು ಪಟ್ಟನ್ನು ಭಾಗಾಕಾರಗಳ ಎಣಿಕೆ ದಾಟದು ಎಂದು ಫ್ರೆಂಚ್ ಗಣಿತಜ್ಞ ಲಾಮೆ 1844ರಲ್ಲೇ ಸಾಧಿಸಿದ್ದಾರೆ. ಸತಾಯಿಸುವುದು ಫಿಬೊನಾಚಿ ಜೋಡಿಗಳು (ಹಿಂದಿನೆರಡನ್ನು ಕೂಡಿದರೆ ಮುಂದಿನದು ಬರುವ 1, 1, 2, 3, 5, 8… ಸರಣಿಯ ಅಕ್ಕಪಕ್ಕದ ಸಂಖ್ಯೆಗಳು): 89 ಮತ್ತು 55 ಇಷ್ಟು ಚಿಕ್ಕವಾದರೂ 9 ಸಾಲು ಎಳೆಯುತ್ತವೆ, ಕೊನೆಗೆ ಸಿಗುವುದು 1.

ಮೂರು ಸಂಖ್ಯೆಗಳಿದ್ದರೆ ಮೊದಲೆರಡರ ಮ.ಸಾ.ಅ. ತೆಗೆದು ಅದನ್ನು ಮೂರನೆಯದರ ಜೊತೆ ಜೋಡಿಸಿ. 238, 105, 161 ಆದರೆ 7 ಮತ್ತು 161; 161 = 7 × 23, ಉತ್ತರ 7. ನಡುವೆ ಎಲ್ಲಾದರೂ ಮ.ಸಾ.ಅ. 1 ಬಂದರೆ ಅಲ್ಲಿಗೇ ನಿಲ್ಲಿಸಿ, ಉಳಿದ ಸಂಖ್ಯೆಗಳನ್ನು ಮುಟ್ಟುವುದೂ ಬೇಡ.