ಎಂಟನೇ ಗ್ರೇಡಲ್ಲೇ ಆಲ್‌ಜಿಬ್ರಾ ಬೇಕಾ? – ಓದುಗರ ಸ್ಪಂದನ

ಹೋದ ಸಲದ ಸಮಸ್ಯೆ: ನಾವು ಕ್ಯಾಲಿಫೋರ್ನಿಯಾಕ್ಕೆ ಬಂದು ತುಂಬಾ ದಿನ ಆಗಿಲ್ಲ. ಮಗಳು ಏಳನೇ ಗ್ರೇಡ್. ಮುಂದಿನ ವರ್ಷಕ್ಕೆ ಮ್ಯಾತ್ 8 (ಎಂಟನೇ ಗ್ರೇಡಿನ ಮಾಮೂಲಿ ಗಣಿತ) ಬೇಕಾ ಆಲ್‌ಜಿಬ್ರಾ 1 (ಹೈಸ್ಕೂಲಿನ ಬೀಜಗಣಿತದ ಮೊದಲ ಕೋರ್ಸ್) ಬೇಕಾ ಅಂತ ಸ್ಕೂಲಿಂದ ಫಾರ್ಮ್ ಬಂದಿದೆ. ಈಗ ಆಲ್‌ಜಿಬ್ರಾ ತಗೊಳ್ಳದಿದ್ರೆ ಹೈಸ್ಕೂಲ್ ಮುಗಿಯೋದ್ರೊಳಗೆ ಕ್ಯಾಲ್ಕುಲಸ್ ಸಿಗಲ್ಲ, ಒಳ್ಳೆ ಕಾಲೇಜು ಕೈ ತಪ್ಪುತ್ತೆ ಅಂತಾರೆ ಯಜಮಾನ್ರು. ಮಗಳಿಗೆ ಬಯಾಲಜಿ, ಡ್ರಾಯಿಂಗ್ ಅಂದ್ರೆ ಪ್ರಾಣ. ಮ್ಯಾತ್ಸಲ್ಲಿ ಬಿ ಬರುತ್ತೆ, ಅಪರೂಪಕ್ಕೆ ಎ. ಏನ್ ಮಾಡ್ಲಿ?

ಇಬ್ಬರು ಮಕ್ಕಳ ಅಮ್ಮ, ಬೇ ಏರಿಯಾ, ಉತ್ತರ ಬರೀತಾರೆ:

ಅಕ್ಕಾ, ಫಾರ್ಮ್ ತುಂಬೋ ಮುಂಚೆ ಸ್ಕೂಲಿಗೆ ಒಂದು ಮೇಲ್ ಹಾಕಿ. ಮಗಳು ಈಗ ಓದ್ತಿರೋದು ಮಾಮೂಲಿ ಮ್ಯಾತ್ 7 ಆ, ಇಲ್ಲ ಏಳು ಎಂಟು ಎರಡನ್ನೂ ಸೇರಿಸಿ ಓಡಿಸೋ ಆಕ್ಸಿಲರೇಟೆಡ್ ಕ್ಲಾಸಾ ಅಂತ ಕೇಳಿ. ಎಲ್ಲಾ ನಿಂತಿರೋದು ಇದರ ಮೇಲೇನೆ. ಆಕ್ಸಿಲರೇಟೆಡ್ ಆಗಿದ್ರೆ ಆಲ್‌ಜಿಬ್ರಾ 1 ಅವಳಿಗೆ ಮುಂದಿನ ಮೆಟ್ಟಿಲು ಅಷ್ಟೇ, ತಲೆ ಕೆಡಿಸ್ಕೋಬೇಡಿ. ಮಾಮೂಲಿ ಏಳು ಆಗಿದ್ರೆ ಒಂದಿಡೀ ವರ್ಷದ ಪಾಠ ಬಿಟ್ಟು ಹಾರಿದ ಹಾಗೆ. ಮ್ಯಾತ್ 8 ಅಂದ್ರೆ ಬರೀ ರಿವಿಷನ್ನು ಅಂತ ನಮ್ಮೋರು ತುಂಬಾ ಜನ ಅಂದ್ಕೊಂಡಿರ್ತಾರೆ, ಖಂಡಿತ ಅಲ್ಲ ಕಣ್ರೀ, ಇಲ್ಲಿನ ಸಿಲಬಸ್ಸಲ್ಲಿ ಸ್ಲೋಪ್ (ಗೆರೆಯ ಇಳಿಜಾರು) ಅನ್ನೋದು ಮಕ್ಕಳ ಕಣ್ಣಿಗೆ ಸರಿಯಾಗಿ ಬೀಳೋದೇ ಎಂಟರಲ್ಲಿ, ಫಂಕ್ಷನ್ ಅಂದ್ರೇನು ಅನ್ನೋದೂ ಅಲ್ಲೇ, ಎರಡು ಈಕ್ವೇಷನ್ ಜೊತೆಗಿಟ್ಟು ಬಿಡಿಸೋದು, ಪೈಥಾಗರಸ್, ಎಕ್ಸ್‌ಪೊನೆಂಟ್ ರೂಲ್ಸು ಎಲ್ಲಾ ಅಲ್ಲೇ ಬರೋದು. ಅದನ್ನ ಬಿಟ್ಟು ಆಲ್‌ಜಿಬ್ರಾಗೆ ಹೋದ ಮಗು ಬೇಸಿಗೆ ರಜೆಲಿ ಅಷ್ಟನ್ನೂ ಮನೇಲಿ ಕಲೀಬೇಕು. ಕಲಿಯೋ ಮಕ್ಕಳೂ ಇದಾರೆ, ಇಲ್ಲ ಅಂತಲ್ಲ. ಬಿ ಬರ್ತಿರೋ ಮಗು, ಅದೂ ತನಗೆ ಇಷ್ಟ ಇಲ್ಲದೆ, ರಜೆಲಿ ಕೂತು ಮಾಡುತ್ತಾ ಅಂತ ನೀವೇ ಹೇಳ್ಬೇಕು.

ನಿವೃತ್ತ ಪಿಯು ಗಣಿತ ಲೆಕ್ಚರರ್, ಸದ್ಯ ಮಗನ ಮನೆ, ಸ್ಯಾಕ್ರಮೆಂಟೊ

ತಾಯಿ, ಗ್ರೇಡ್ ಕಾರ್ಡ್ ನೋಡಿ ಇದನ್ನ ತೀರ್ಮಾನ ಮಾಡ್ಬೇಡಿ. ಇಲ್ಲಿ ಹೋಮ್‌ವರ್ಕಿಗೂ ಪಾಯಿಂಟ್ ಕೊಡೋ ಟೀಚರ್ ಇರ್ತಾರೆ, ಟೆಸ್ಟ್ ಮತ್ತೆ ಬರೆಯೋಕೆ ಬಿಡೋರೂ ಇರ್ತಾರೆ, ಹಾಗಾಗಿ ಆ ಬಿ ಏನು ಹೇಳ್ತಿದೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಒಂದು ಕೆಲಸ ಮಾಡಿ. ಈ ಲೆಕ್ಕ ಕೊಟ್ಟು, ಪಕ್ಕದಲ್ಲಿ ಕೂತು, ಬಾಯಿ ಮುಚ್ಕೊಂಡು ನೋಡಿ: ಮೂರನೇ ಎರಡು ಭಾಗ ಇಂಟು ಬ್ರಾಕೆಟ್ ಒಳಗೆ ಎಕ್ಸ್ ಮೈನಸ್ 6, ಅದು ಎಕ್ಸ್ ಪ್ಲಸ್ 1ಕ್ಕೆ ಸಮ. ಉತ್ತರ ಮೈನಸ್ 15. ಉತ್ತರ ಬಂತಾ ಇಲ್ವಾ ಅನ್ನೋದು ಆಮೇಲಿನ ಮಾತು, ಎಲ್ಲಿ ತಡವರಿಸ್ತಾಳೆ ನೋಡಿ. ಭಿನ್ನರಾಶಿ ಕಂಡ ತಕ್ಷಣ ಕ್ಯಾಲ್ಕುಲೇಟರ್ ತಗೊಂಡು 0.67 ಅಂತ ಬರೆದ್ರೆ ಭಿನ್ನರಾಶಿ ಇನ್ನೂ ಕೂತಿಲ್ಲ ಅಂತ ಅರ್ಥ. ಬ್ರಾಕೆಟ್ ಬಿಡಿಸುವಾಗ 6ನ್ನ ಗುಣಿಸೋದು ಮರೆತು ಹಾಗೇ ಇಳಿಸಿದ್ರೆ ಅದು ಇನ್ನೊಂದು. ಮೈನಸ್ ಉತ್ತರ ನೋಡಿ ಗಾಬರಿಯಾಗಿ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಿದ್ರೆ, ಅದನ್ನೂ ಗಮನಿಸಿ, ಯಾಕಂದ್ರೆ ಬಂದ ಉತ್ತರವನ್ನ ವಾಪಸ್ ಹಾಕಿ ಎರಡೂ ಕಡೆ ಮೈನಸ್ 14 ಬಂತು, ಸರಿ ಇದೆ ಅಂತ ತಾನೇ ಪರೀಕ್ಷೆ ಮಾಡ್ಕೊಳ್ಳೋ ಅಭ್ಯಾಸ ಅವಳಿಗಿಲ್ಲ ಅಂತಾಯ್ತು.

ಆಮೇಲೆ ಬಾಯಲ್ಲೇ ಒಂದು ಕೇಳಿ. ಟ್ಯಾಂಕಲ್ಲಿ 120 ಗ್ಯಾಲನ್ ನೀರಿದೆ, ನಿಮಿಷಕ್ಕೆ 8 ಗ್ಯಾಲನ್ ಹೋಗ್ತಿದೆ, ಟಿ ನಿಮಿಷ ಆದ್ಮೇಲೆ ಎಷ್ಟು ಉಳಿಯುತ್ತೆ, ಇದಕ್ಕೆ ಈಕ್ವೇಷನ್ ಬರಿ. 15 ನಿಮಿಷ ಅಂತ ಭಾಗಾಕಾರ ಮಾಡಿ ಹೇಳೋದು ಸುಲಭ, ಐದನೇ ಕ್ಲಾಸಿನ ಹುಡುಗನೂ ಹೇಳ್ತಾನೆ. 120 ಮೈನಸ್ 8ಟಿ ಅಂತ ಬರೆದು, ಎಂಟರ ಮುಂದೆ ಮೈನಸ್ ಯಾಕೆ ಅಂದ್ರೆ ನೀರು ಕಮ್ಮಿ ಆಗ್ತಿದೆಯಲ್ಲ ಅಂತ ಅಂದ್ಲು ಅಂದ್ರೆ ಧೈರ್ಯವಾಗಿ ಆಲ್‌ಜಿಬ್ರಾಕ್ಕೆ ಕಳಿಸಿ, ಬಿ ಬರ್ಲಿ ಸಿ ಬರ್ಲಿ.

ಇನ್ನೊಂದು ಮಾತು, ಯಜಮಾನ್ರಿಗೆ. ನಾವೆಲ್ಲ ಲಿಮಿಟ್ಸು, ಡಿಫರೆನ್ಸಿಯೇಷನ್ನು ಮುಖ ನೋಡಿದ್ದು ಪಿಯುಸಿಲಿ ತಾನೇ? ಹನ್ನೆರಡನೇ ಗ್ರೇಡಲ್ಲಿ ಕ್ಯಾಲ್ಕುಲಸ್ ಅಂದ್ರೆ ಅದು ತಡ ಹೇಗಾಯ್ತು? ಹತ್ತರಲ್ಲೇ ಮುಗಿಸ್ಬೇಕು ಅಂತ ಇಲ್ಲಿ ನಮ್ಮೋರು ಓಡೋದು ನೋಡಿದ್ರೆ ನಂಗೆ ನಗು ಬರುತ್ತೆ.

ಟೆಕ್ಸಾಸ್‌ನಿಂದ ಒಬ್ಬ ಅಪ್ಪ

ಎಲ್ರೂ ನಿಧಾನ ನಿಧಾನ ಅಂತಿದೀರಿ, ನಾನು ಯಜಮಾನ್ರ ಪರ ಸ್ವಲ್ಪ ಮಾತಾಡ್ತೀನಿ. ಲೆಕ್ಕ ಸರಳ. ಆಲ್‌ಜಿಬ್ರಾ 1, ಜಿಯೋಮೆಟ್ರಿ, ಆಲ್‌ಜಿಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್, ಒಟ್ಟು ಐದು ಕೋರ್ಸು, ಹೈಸ್ಕೂಲ್ ನಾಲ್ಕೇ ವರ್ಷ. ಒಂಬತ್ತರಲ್ಲಿ ಶುರು ಮಾಡಿದ್ರೆ ಹನ್ನೆರಡಕ್ಕೆ ಪ್ರಿಕ್ಯಾಲ್ಕುಲಸ್ಸಿಗೆ ನಿಲ್ಲುತ್ತೆ, ಇದ್ರಲ್ಲಿ ಯಜಮಾನ್ರು ಹೇಳಿದ್ದು ಸುಳ್ಳೇನಲ್ಲ. ಇದು ಬರೀ ನಮ್ಮೋರ ಹುಚ್ಚು ಅಂತನೂ ಅನ್ಬೇಡಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2014ರಲ್ಲಿ ಎಂಟನೇ ಗ್ರೇಡಿನ ಆಲ್‌ಜಿಬ್ರಾ ತೆಗೆದುಬಿಟ್ಟಿದ್ರು, ಅಪ್ಪ ಅಮ್ಮಂದಿರ ಗಲಾಟೆ ವರ್ಷಗಟ್ಟಲೆ ನಡೀತು, ಕೊನೆಗೆ 2024ರ ಮಾರ್ಚಲ್ಲಿ ವೋಟಿಗೇ ಹಾಕಿದ್ರು, ವಾಪಸ್ ತನ್ನಿ ಅಂತ ಜನ ಹೇಳಿದ್ರು. ಇಲ್ಲಿ ಟೆಕ್ಸಾಸಲ್ಲಂತೂ 2023ರಲ್ಲಿ ಕಾನೂನೇ ಆಯ್ತು, ಐದನೇ ಗ್ರೇಡಿನ ಟೆಸ್ಟಲ್ಲಿ ಮೇಲಿನ 40 ಪರ್ಸೆಂಟ್ ಒಳಗೆ ಬಂದ ಮಕ್ಕಳನ್ನ ಆರರಲ್ಲಿ ಅಡ್ವಾನ್ಸ್‌ಡ್ ಮ್ಯಾತ್ಸಿಗೆ ತಾವಾಗೇ ಸೇರಿಸ್ಬೇಕು, ಬೇಡ ಅನ್ನೋ ಪೇರೆಂಟ್ಸ್ ಬರೆದು ಕೊಡ್ಬೇಕು. ಹೆಣ್ಣುಮಕ್ಕಳು ಎಷ್ಟೋ ಸಲ ಬರುತ್ತಿದ್ರೂ ಬರಲ್ಲ ಅಂತ ಹಿಂದೆ ಸರೀತಾರೆ, ಅದೂ ತಲೇಲಿರ್ಲಿ. ಆದ್ರೆ ಮೇಲಿನ ಮೇಷ್ಟ್ರು ಹೇಳಿದ ಟೆಸ್ಟ್ ಮಾಡಿ ನೋಡಿ, ಅದು ಒಳ್ಳೇ ಐಡಿಯಾ.

ಎಂಜಿನಿಯರಿಂಗ್ ಮೊದಲ ವರ್ಷ

ಆಂಟಿ, ಸ್ಟೂಡೆಂಟ್ ಕಡೆಯಿಂದ ಹೇಳ್ತೀನಿ. ಎಪಿ (ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಕೋರ್ಸು) ಕ್ಯಾಲ್ಕುಲಸ್ ‘ಬಿಸಿ’ ಮಾಡುವಾಗ ನನ್ನ ಕ್ಲಾಸಲ್ಲಿ ಒದ್ದಾಡಿದೋರಿಗೆ ಕ್ಯಾಲ್ಕುಲಸ್ ಅರ್ಥ ಆಗ್ತಿರಲಿಲ್ಲ ಅಂತಲ್ಲ. ಡಿರೈವೇಟಿವ್ ಎರಡು ಲೈನಲ್ಲಿ ಮುಗೀತಿತ್ತು, ಆಮೇಲೆ ಅದನ್ನ ಸಿಂಪ್ಲಿಫೈ ಮಾಡೋದ್ರಲ್ಲಿ ಫ್ರಾಕ್ಷನ್ನು, ನೆಗೆಟಿವ್ ಎಕ್ಸ್‌ಪೊನೆಂಟು, ಫ್ಯಾಕ್ಟರಿಂಗು, ಅಲ್ಲೇ ಮಾರ್ಕ್ಸ್ ಹೋಗ್ತಿತ್ತು. ಎಲ್ಲಾ ಆಲ್‌ಜಿಬ್ರಾನೇ. ಆಮೇಲೆ ಎಪಿ ಕ್ಯಾಲ್ಕುಲಸ್ಸಲ್ಲಿ ಎಬಿ, ಬಿಸಿ ಅಂತ ಎರಡು ಕೋರ್ಸಿವೆ, ಯಾವುದು ಅಂತ ಈಗ್ಲೇ ಟೆನ್ಷನ್ ಮಾಡ್ಕೋಬೇಡಿ, ಎಬಿಯಲ್ಲಿರೋದೆಲ್ಲಾ ಬಿಸಿಯಲ್ಲೂ ಇರುತ್ತೆ, ಜೊತೆಗೆ ಸೀರೀಸ್, ಪೋಲಾರ್, ಪ್ಯಾರಾಮೆಟ್ರಿಕ್ ಅನ್ನೋ ಇನ್ನಷ್ಟು ಪಾಠ ಸೇರುತ್ತೆ, ಅದು ಹನ್ನೊಂದು ಹನ್ನೆರಡರ ತಲೆನೋವು.

ಹಿಂದೆ ಬಿದ್ರೆ ಹಿಡಿಯೋಕೆ ದಾರಿನೂ ಇದೆ. ನನ್ನ ಫ್ರೆಂಡ್ ಒಂಬತ್ತರಲ್ಲಿ ಆಲ್‌ಜಿಬ್ರಾ 1 ಮಾಡಿ, ಹತ್ತರಲ್ಲಿ ಜಿಯೋಮೆಟ್ರಿ ಮತ್ತೆ ಆಲ್‌ಜಿಬ್ರಾ 2 ಒಟ್ಟಿಗೆ ತಗೊಂಡು ಹನ್ನೆರಡಕ್ಕೆ ಎಬಿ ಮುಟ್ಟಿದ. ಆ ವರ್ಷ ಕಷ್ಟ ಇತ್ತು, ಸುಳ್ಳು ಹೇಳಲ್ಲ. ಎಲ್ಲಾ ಸ್ಕೂಲಲ್ಲೂ ಬಿಡಲ್ಲ, ನಿಮ್ಮ ಹೈಸ್ಕೂಲಲ್ಲಿ ಬಿಡ್ತಾರಾ ಅಂತ ಸ್ಕೂಲಿನ ಕೌನ್ಸಿಲರ್ (ಕೋರ್ಸ್ ಆರಿಸೋಕೆ ಸಲಹೆ ಕೊಡೋರು) ಹತ್ರ ಕೇಳಿ. ಇಂಟಿಗ್ರೇಟೆಡ್ ಮ್ಯಾತ್ 1, 2, 3 ಇರೋ ಸ್ಕೂಲಾದ್ರೆ ಹೀಗೆ ಎರಡೆರಡು ತಗೊಳ್ಳೋದು ಆಗಲ್ಲ, ಯಾಕಂದ್ರೆ ಅಲ್ಲಿ ಆಲ್‌ಜಿಬ್ರಾ, ಜಿಯೋಮೆಟ್ರಿ ನಮ್ಮೂರ ಪುಸ್ತಕದ ಥರ ಪ್ರತಿ ವರ್ಷ ಕಲಸಿ ಕೊಡ್ತಾರೆ.

ಧಾರವಾಡದಾಕಿ, ಸ್ಯಾನ್ ಡಿಯಾಗೋ

ಅಲ್ರೀ, ಹುಡುಗಿಗೆ ಬಯಾಲಜಿ ಇಷ್ಟ ಅಂತ ನೀವ ಬರದೀರಿ, ಅದರ ಬಗ್ಗೆ ಒಬ್ಬರೂ ಮಾತಾಡವಲ್ರು! ಬಯಾಲಜಿಗೆ ಸ್ಟ್ಯಾಟಿಸ್ಟಿಕ್ಸ್ ಭಾಳ ಬೇಕಾಗ್ತದ್ರಿ. ಎಪಿ ಸ್ಟ್ಯಾಟಿಸ್ಟಿಕ್ಸಿಗೆ ಆಲ್‌ಜಿಬ್ರಾ 2 ಆಗಿದ್ರ ಸಾಕು, ಕ್ಯಾಲ್ಕುಲಸ್ ಬೇಕಂತಿಲ್ಲ. ಹಂಗಂತ ಕ್ಯಾಲ್ಕುಲಸ್ ಬಿಟ್ಟಬಿಡ್ರಿ ಅಂತ ನಾ ಹೇಳಂಗಿಲ್ಲ, ಬಯಾಲಜಿ ಡಿಗ್ರಿಗೂ ಭಾಳ ಕಡೆ ಕಾಲೇಜಿನ್ಯಾಗ ಅದನ್ನ ಮಾಡಸ್ತಾರ, ಆದ್ರ ಕಾಲೇಜಿಗೆ ಹೋಗಿ ಕಲಿತ್ರನೂ ನಡೀತದ. ಒಂದ ಎಚ್ಚರಿಕಿ, ಯಾರರ ಆಲ್‌ಜಿಬ್ರಾ 2 ಬದಲಿ ಡೇಟಾ ಸೈನ್ಸ್ ತಗೋ ಅಂದ್ರ ಕೇಳಬ್ಯಾಡ್ರಿ, ಆಲ್‌ಜಿಬ್ರಾ 2ರ ಜಾಗಾಕ್ಕ ಅದು ನಡಿಯಂಗಿಲ್ಲ ಅಂತ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವ್ರು 2023ರಾಗ ಹೇಳ್ಯಾರ.

ಇನ್ನೊಬ್ಬ ಅಮ್ಮ, ಅದೇ ಕ್ಯಾಲಿಫೋರ್ನಿಯಾ

ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮಾತು ಬಂತಲ್ಲ, ಅದಕ್ಕೆ ಸೇರಿಸ್ತೀನಿ. ಯುಸಿಗಳು ಕೇಳೋದು ಮೂರು ವರ್ಷದ ಮ್ಯಾತ್ಸ್, ನಾಲ್ಕಿದ್ರೆ ಒಳ್ಳೇದು ಅಂತಾರೆ. ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಅವರು ಹಿಡಿಯೋದು ಹತ್ತು, ಹನ್ನೊಂದನೇ ಗ್ರೇಡಿನ ಮಾರ್ಕ್ಸು, ಎಂಟರದ್ದು ಹಿಡಿಯಲ್ಲ. ಇದನ್ನ ಕೇಳಿ ಎಷ್ಟೋ ಜನ ಹಾಗಾದ್ರೆ ಎಂಟರಲ್ಲಿ ಸಿ ಬಂದ್ರೂ ಪರವಾಗಿಲ್ಲ, ನುಗ್ಗಿಬಿಡೋಣ ಅಂತಾರೆ. ಒಂದು ಹೆಜ್ಜೆ ಮುಂದೆ ನೋಡಿ. ಎಂಟರಲ್ಲಿ ಆಲ್‌ಜಿಬ್ರಾ 1 ಆದ್ರೆ ಒಂಬತ್ತರಲ್ಲಿ ಜಿಯೋಮೆಟ್ರಿ, ಹತ್ತರಲ್ಲಿ ಆಲ್‌ಜಿಬ್ರಾ 2. ಅಂದ್ರೆ ಎಂಟರಲ್ಲಿ ಅರ್ಧಂಬರ್ಧ ಕಲಿತಿದ್ದು ಮಧ್ಯ ಒಂದು ವರ್ಷ ಜಿಯೋಮೆಟ್ರಿಲಿ ಮರೆತೂ ಹೋಗಿ, ಸರಿಯಾಗಿ ಜಿಪಿಎ ಲೆಕ್ಕ ಶುರುವಾಗೋ ವರ್ಷಕ್ಕೆ ಎದುರಿಗೆ ಬಂದು ನಿಲ್ಲುತ್ತೆ. ನನ್ನ ಪ್ರಕಾರ ಮಾಮೂಲಿ ಮ್ಯಾತ್ 7 ಓದ್ತಿದ್ರೆ, ಮೇಷ್ಟ್ರ ಟೆಸ್ಟಲ್ಲೂ ತಡವರಿಸಿದ್ರೆ, ಮ್ಯಾತ್ 8 ಹಾಕಿ, ಅದನ್ನ ಗಟ್ಟಿಯಾಗಿ ಮಾಡಿಸಿ.

ಮುಂದಿನ ವರ್ಷಕ್ಕೂ ಒಂದು ವಿಷಯ ನೆನಪಿಟ್ಕೊಳ್ಳಿ, ಇಲ್ಲಿ 2015ರಲ್ಲಿ ಮ್ಯಾತ್ಸ್ ಪ್ಲೇಸ್‌ಮೆಂಟಿಗೇ ಅಂತ ಒಂದು ಕಾನೂನು ಆಯ್ತು. ಒಂಬತ್ತನೇ ಗ್ರೇಡಿಗೆ ಯಾರನ್ನ ಯಾವ ಕ್ಲಾಸಿಗೆ ಹಾಕ್ತೀವಿ, ಯಾವ ಟೆಸ್ಟು, ಯಾವ ಮಾರ್ಕ್ಸ್ ನೋಡ್ತೀವಿ ಅನ್ನೋದನ್ನ ಸ್ಕೂಲ್ ಡಿಸ್ಟ್ರಿಕ್ಟ್ (ಆ ಭಾಗದ ಸ್ಕೂಲುಗಳನ್ನ ನಡೆಸೋ ಆಡಳಿತ) ಬರೆದಿಟ್ಟಿರ್ಬೇಕು, ಸ್ಕೂಲ್ ಶುರುವಾದ ಮೊದಲ ತಿಂಗಳೊಳಗೆ ಮಗು ಸರಿಯಾದ ಕ್ಲಾಸಲ್ಲಿದೆಯಾ ಅಂತ ಇನ್ನೊಂದ್ಸಲ ನೋಡ್ಬೇಕು, ಪೇರೆಂಟ್ಸ್ ಒಪ್ಪದಿದ್ರೆ ಪ್ರಶ್ನೆ ಮಾಡೋಕೂ ದಾರಿ ಇಟ್ಟಿರ್ಬೇಕು. ನಿಮ್ಮ ಡಿಸ್ಟ್ರಿಕ್ಟ್ ವೆಬ್‌ಸೈಟಲ್ಲಿ ಮ್ಯಾತ್ ಪ್ಲೇಸ್‌ಮೆಂಟ್ ಪಾಲಿಸಿ ಅಂತ ಹುಡುಕಿ, ಸಿಗದಿದ್ರೆ ಕೌನ್ಸಿಲರ್ ಹತ್ರ ಕೇಳಿ ತರಿಸ್ಕೊಳ್ಳಿ. ಮೀಟಿಂಗಿಗೆ ಯಜಮಾನ್ರನ್ನೂ ಕರ್ಕೊಂಡು ಹೋಗಿ, ಮಗಳನ್ನಂತೂ ಬಿಟ್ಟು ಹೋಗ್ಲೇಬೇಡಿ.