ಶಾಸಕರು ಕೇಳಬೇಕಾದದ್ದು ಪಕ್ಷದ ಮಾತಾ, ತಮ್ಮ ಮನಸ್ಸಿನ ಮಾತಾ?

ಸಿರವಾರ ರೈತ:
ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡ್, ಅಂದರೆ ಕೊನೆ ಭಾಗ. ಮೇಲಿನವರು ನೆಲ್ಲು ಹಚ್ಚಿದರೆ ಸಾಕು, ನಮ್ಮ ತೂಬಿನಲ್ಲಿ ನೀರು ಕಾಣೋದು ಕಷ್ಟ. ನಾಲ್ಕು ಮಂದಿ ಹೋಗಿ ಕೇಳಿದರೆ ನಮ್ಮ ಭಾಗದ ನಾಯಕರೊಬ್ಬರು, "ನೀವು ಹೇಳೋದು ಖರೆ. ಆದರೆ ಮೇಲಿನ ಊರಿನವರೂ ನಮ್ಮ ಪಕ್ಷದವರೇ, ಬಾಯಿ ಬಿಟ್ಟರೆ ಕಷ್ಟ" ಅಂದರು. ನಾವು ವೋಟು ಹಾಕಿದ್ದು ಚಿಹ್ನೆ ನೋಡಿಯೇ, ಸುಳ್ಳು ಹೇಳಲ್ಲ. ಹಾಗಂತ ಪಕ್ಷ ಹೇಳಿದ್ದೇ ಕೊನೆಯಾ?

ರಾಯಚೂರು ವಕೀಲ:
ಅಣ್ಣಾ, ಚಿಹ್ನೆ ನೋಡಿ ಹಾಕಿದ ವೋಟಿಗೆ ಒಂದು ಋಣ ಇದೆ. ಸರ್ಕಾರ ಉಳಿಯೋ, ಬೀಳೋ ಮತದಾನದಲ್ಲಿ ಶಾಸಕರು ಪಕ್ಷದ ಜೊತೆ ನಿಲ್ಲಬೇಕು. ಉಳಿದದ್ದರಲ್ಲಿ ಸ್ವಂತ ಬುದ್ಧಿ ಓಡಿಸಲೇಬೇಕು. 1992ರಲ್ಲಿ ಕಿಹೊಟೊ ಹೊಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುಕಮ್ಮಿ ಇದನ್ನೇ ಹೇಳಿದೆ: ವಿಪ್‌ನ, ಅಂದರೆ ಹೀಗೇ ವೋಟು ಹಾಕಿ ಅನ್ನೋ ಪಕ್ಷದ ಆದೇಶದ, ಬಿಗಿ ವಿಶ್ವಾಸಮತಕ್ಕೆ, ಪಕ್ಷ ಜನರ ಮುಂದಿಟ್ಟ ಮುಖ್ಯ ನೀತಿಗೆ ಇರಲಿ.

1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ವಿಪ್ ಮೀರಿ ವೋಟು ಹಾಕಿದರೆ, ಗೈರಾದರೆ ಸ್ಥಾನ ಹೋಗಬಹುದು. ಪಕ್ಷ 15 ದಿನದೊಳಗೆ ಮನ್ನಿಸಿದರೆ ಉಳಿಯುತ್ತೆ. ಆದರೆ ಸದನದಲ್ಲಿ ನೀರಿನ ಪ್ರಶ್ನೆ ಎತ್ತಬೇಡ ಅಂತ ಆ ಕಾನೂನು ಎಲ್ಲೂ ಹೇಳಲ್ಲ. ಐಸಿಸಿ, ಅಂದರೆ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಎದ್ದು ನಿಂತು ಜಗಳ ಆಡೋಕೆ ಯಾವ ವಿಪ್ಪೂ ಅಡ್ಡ ಬರಲ್ಲ. ಟಿಕೆಟ್ ತಪ್ಪುತ್ತೆ ಅನ್ನೋ ಭಯ ಬೇರೆ. ಆ ಭಯಕ್ಕೆ ನಿಮ್ಮ ಹೊಲ ಒಣಗಬೇಕಾ? ನನಗೆ ಇದು ಖಂಡಿತ ಒಪ್ಪಿಗೆ ಇಲ್ಲ.

ಮಸ್ಕಿಯವನು:
ಸರ್, ಸ್ವಂತ ಬುದ್ಧಿ ಅಂತ ಹೇಳಿ ಪಕ್ಷವನ್ನೇ ಬಿಟ್ಟರೆ? ನಮ್ಮಲ್ಲಿ 2018ರಲ್ಲಿ ಪ್ರತಾಪಗೌಡ ಪಾಟೀಲರು ಗೆದ್ದಿದ್ದು 213 ವೋಟಿನಿಂದ. 2019ರಲ್ಲಿ ಕಾಂಗ್ರೆಸ್ ಬಿಟ್ಟರು. 2021ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು 30 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಸೋತರು. ಆಗ ಪಾಮನಕಲ್ಲೂರಿನಲ್ಲಿ 5ಎ ಕಾಲುವೆಗಾಗಿ ರೈತರು ಧರಣಿ ಕೂತಿದ್ದರು, ಅದೂ ವೋಟಿನಲ್ಲಿ ಕಂಡಿತು.

ರಾಯಚೂರು ವಕೀಲ:
ಹೊಸಪೇಟೆಯಲ್ಲಿ ಉಲ್ಟಾ ಆಯ್ತು, ಅಲ್ವಾ? ಆನಂದ್ ಸಿಂಗ್ ಜಿಂದಾಲ್‌ಗೆ ಜಮೀನು ಮಾರೋದು ಬೇಡ ಅಂತ ರಾಜೀನಾಮೆ ಕೊಟ್ಟರು, ಪಕ್ಷ ಬದಲಿಸಿ ನಿಂತರು, 2019ರ ಡಿಸೆಂಬರ್‌ನಲ್ಲಿ ಗೆದ್ದರು. ಎರಡೂ ಕಡೆ ತೀರ್ಪು ಕೊಟ್ಟಿದ್ದು ಜನ. ಪಕ್ಷ ಬಿಡೋದೇ ಆದರೆ ಹೀಗೆ ವೋಟಿನ ಮುಂದೆ ಬರಬೇಕು. ಸಿರವಾರದ ಅಣ್ಣ ಕೇಳ್ತಿರೋದು ಅಷ್ಟು ದೊಡ್ಡದೂ ಅಲ್ಲ. ಪಕ್ಷದಲ್ಲೇ ಇದ್ದು ನಮ್ಮ ಪರ ಮಾತಾಡಿ ಅಂತ.

ಸಿರವಾರ ರೈತ:
ಅಷ್ಟೇ ಸರ್. ಮುಂದಿನ ಐಸಿಸಿಗೆ ಮುಂಚೆ ಬರವಣಿಗೆಯಲ್ಲೇ ಕೊಡ್ತೀವಿ. ಕಾಲುವೆಯ 69ನೇ ಮೈಲಿನಲ್ಲಿ ದಿನಾ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿತ್ತು ಅಂತ ಸದನದಲ್ಲಿ ಕೇಳಿಸಬೇಕು. ಪ್ರಶ್ನೆ ಹೇಗೆ ಬರೀಬೇಕು, ಸ್ವಲ್ಪ ನೋಡಿ ಕೊಡ್ತೀರಾ?