ಬಂಟ್ ಮಾಡಿದ ಚೆಂಡು ಬ್ಯಾಟರ್‌ಗೇ ತಗುಲಿದರೆ ಔಟೋ, ಫೌಲೋ?

ಪ್ರಶ್ನೆ (ತುಮಕೂರು): ನಮ್ಮಲ್ಲಿ ನಡೆದ ಮಹಿಳೆಯರ ಸಾಫ್ಟ್‌ಬಾಲ್ ಪಂದ್ಯವೊಂದರಲ್ಲಿ, ಬ್ಯಾಟರ್ ಬಂಟ್ ಮಾಡಿದ (ಬ್ಯಾಟ್ ಬೀಸದೆ ಮೆಲ್ಲಗೆ ತಟ್ಟಿದ) ಚೆಂಡು ಹೋಮ್ ಪ್ಲೇಟಿನ (ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಫಲಕದ) ಮುಂದೆ ಪುಟಿದು ಆಕೆಯ ಮೊಣಕಾಲಿಗೇ ತಗುಲಿತು. ಆಗ ಬಲಗಾಲು ಬಾಕ್ಸಿನೊಳಗಿತ್ತು (ಬ್ಯಾಟರ್ ನಿಲ್ಲಲು ಗೆರೆ ಎಳೆದ ಜಾಗ), ಎಡಗಾಲು ಗಾಳಿಯಲ್ಲಿತ್ತು. ಅಂಪೈರ್ ಫೌಲ್ (ಓಟಕ್ಕೆ ಸಲ್ಲದ ಹೊಡೆತ) ಎಂದರು. ಎದುರಾಳಿ ತರಬೇತುದಾರರು ಔಟ್ ಕೊಡಲೇಬೇಕೆಂದು ಪಟ್ಟು ಹಿಡಿದರು. ಯಾರದ್ದು ಸರಿ?

ಉತ್ತರ (ತಿಪಟೂರು): ಅಂಪೈರ್ ತೀರ್ಪು ಸರಿಯಾಗಿಯೇ ಇದೆ: ಬಾಕ್ಸಿನಲ್ಲಿರುವಾಗ ತಗುಲಿದರೆ ಫೌಲ್. ಒಂದು ಪಾದವಾದರೂ ಪೂರ್ತಿಯಾಗಿ ಗೆರೆಯ ಹೊರಗಿನ ನೆಲವನ್ನು ಮುಟ್ಟುವವರೆಗೆ ಬ್ಯಾಟರ್ ಬಾಕ್ಸ್ ಬಿಟ್ಟಳೆಂದು ಪರಿಗಣಿಸುವುದಿಲ್ಲ. ಗೆರೆಯೂ ಬಾಕ್ಸಿನ ಭಾಗವೇ. ಗಾಳಿಯಲ್ಲಿರುವ ಕಾಲನ್ನು ಹಿಡಿದು ವಾದಿಸುವುದರಲ್ಲಿ ಅರ್ಥವಿಲ್ಲ.

ಉತ್ತರ (ಶಿರಾ): ಆದರೆ ಆಕೆ ಬಾಕ್ಸ್ ಬಿಟ್ಟು ಮೊದಲ ಬೇಸಿನತ್ತ ಹೊರಟಿದ್ದು, ಫೇರ್ ಪ್ರದೇಶದಲ್ಲಿ (ಎರಡು ಫೌಲ್ ಗೆರೆಗಳ ನಡುವಿನ ಜಾಗದಲ್ಲಿ) ಚೆಂಡು ಆಕೆಗೆ ತಗುಲಿದ್ದರೆ, ಬೇಕೆಂದೇ ತಗುಲಿಸಿಕೊಂಡಿರದಿದ್ದರೂ ಚೆಂಡು ಡೆಡ್ ಆಗಿ (ಆಟ ಅಲ್ಲಿಗೇ ನಿಂತು) ಆಕೆ ಔಟಾಗುತ್ತಿದ್ದಳು, ಓಟಗಾರ್ತಿಯರು ತಮ್ಮ ಬೇಸಿಗೆ ಮರಳಬೇಕಾಗುತ್ತಿತ್ತು. ಫೌಲ್ ಪ್ರದೇಶದಲ್ಲಿ (ಆ ಗೆರೆಗಳ ಹೊರಗೆ) ತಗುಲಿದರೆ ಅದು ಬರೀ ಫೌಲ್.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಕೆಳಗೆ ಬಿಟ್ಟ ಬ್ಯಾಟಿಗೆ ಚೆಂಡು ತಗುಲಿದರೆ?

ಉತ್ತರ (ಶಿರಾ): ನೆಲದ ಮೇಲೆ ಸುಮ್ಮನೆ ಬಿದ್ದಿರುವ ಬ್ಯಾಟಿಗೆ ಚೆಂಡೇ ಉರುಳಿಬಂದು ತಗುಲಿದರೆ, ಅಡ್ಡಿಪಡಿಸುವ ಉದ್ದೇಶ ಕಾಣದಿದ್ದಲ್ಲಿ ಆಟ ಮುಂದುವರಿಯುತ್ತದೆ; ಚಲಿಸುತ್ತಿರುವ ಬ್ಯಾಟೇ ಫೇರ್ ಪ್ರದೇಶದಲ್ಲಿ ಚೆಂಡಿಗೆ ಎರಡನೇ ಬಾರಿ ಬಡಿದರೆ ಔಟ್. ಚೆಂಡು ಬ್ಯಾಟಿಗೆ ತಗುಲಿತೇ, ಬ್ಯಾಟು ಚೆಂಡಿಗೆ ತಗುಲಿತೇ ಎಂಬುದನ್ನೇ ಅಂಪೈರ್ ನೋಡಬೇಕು.

ಉತ್ತರ (ತಿಪಟೂರು): ನಮ್ಮ ಮಣ್ಣಿನ ಮೈದಾನಗಳಲ್ಲಿ ಸುಣ್ಣದ ಗೆರೆ ಎರಡು ಇನಿಂಗ್ಸ್‌ಗಳಲ್ಲೇ ಅಳಿಸಿಹೋಗುವುದರಿಂದ ಅರ್ಧ ಜಗಳ ಅಲ್ಲಿಂದಲೇ ಹುಟ್ಟುತ್ತದೆ. ಇನಿಂಗ್ಸ್ ನಡುವೆ ಗೆರೆಯನ್ನು ಮತ್ತೆ ಎಳೆಸುವಂತೆ ಸಂಘಟಕರನ್ನು ಕೇಳಿ.